ಕೌಂಟಿ ಏಜೆಂಟನ ಸಂಬಳ ಯಾರು ಕೊಡುತ್ತಾರೆ?

(ಕೃಷಿ ಪದವಿ ಓದುತ್ತಿರುವ ಹುಡುಗ ಹುಡುಗಿಯರು, ಸ್ವಸಹಾಯ ಸಂಘದ ಮಹಿಳೆಯರು, ಒಂದಷ್ಟು ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಹಿಂದೆಮುಂದೆ ಆದದ್ದನ್ನು ಜೋಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಳ್ಳಿಗಾಡಿನಲ್ಲಿ ರೈತರಿಗೆ, ಮನೆಮಂದಿಗೆ, ಮಕ್ಕಳಿಗೆ ಅವರ ಊರಲ್ಲೇ ಪಾಠ ಹೇಳುವ ವ್ಯವಸ್ಥೆಯೊಂದಿದೆ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನೂರು ವರ್ಷ ದಾಟಿದ ವ್ಯವಸ್ಥೆ ಅದು. ಕಾಗದದ ಮೇಲೆ ಅದರ ಹೆಸರು ಕೋಆಪರೇಟಿವ್ ಎಕ್ಸ್‌ಟೆನ್ಷನ್. ಊರ ಜನ ಬರೀ ‘ಎಕ್ಸ್‌ಟೆನ್ಷನ್ ಆಫೀಸು’ ಅನ್ನುತ್ತಾರೆ. ನಾವು ಕೃಷಿ ವಿಸ್ತರಣೆ ಅಂತೀವಲ್ಲ, ಅದರ ಮೂಲ ಅಲ್ಲೇ ಇದೆ.

ಬೆಳೆ, ದನ, ಮಣ್ಣಿನ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ದುಡ್ಡಿನ ವಿಷಯ. ಈ ವ್ಯವಸ್ಥೆಯ ಒಳ್ಳೆಯದೂ ಕೆಟ್ಟದ್ದೂ ಹುಟ್ಟುವುದು ಅಲ್ಲಿಂದಲೇ ಅಂತ ನನಗೆ ಅನಿಸುತ್ತದೆ.

ನನಗೆ ಸ್ವಲ್ಪ ಗೊತ್ತಿರುವುದು ಟೆನೆಸಿ ರಾಜ್ಯ. ಮಗಳ ಸಂಸಾರ ಅಲ್ಲಿದೆ. ಕೆಲಸದಿಂದ ನಿವೃತ್ತನಾದ ಮೇಲೆ ಹೋಗಿ ಬರುವುದು ರೂಢಿಯಾಗಿದೆ. ಬೇರೆ ಅಪ್ಪಂದಿರು ಮಾಲ್ ಸುತ್ತುತ್ತಾರೆ, ನಾನು ಎಕ್ಸ್‌ಟೆನ್ಷನ್ ಆಫೀಸಿನಲ್ಲಿ ಕೂರುತ್ತೇನೆ. ಹಳೇ ಚಾಳಿ. ಟೆನೆಸಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಅಷ್ಟು ಜಾಗದಲ್ಲಿ 95 ಕೌಂಟಿಗಳಿವೆ. ಅಂದರೆ ಒಂದು ಕೌಂಟಿ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಅಂತ ಇಟ್ಟುಕೊಳ್ಳಿ. 95ರಲ್ಲೂ ಎಕ್ಸ್‌ಟೆನ್ಷನ್ ಆಫೀಸು ಇದೆ. ಕೃಷಿಗೆ ಒಬ್ಬರು, ಮನೆ ಮತ್ತು ಆಹಾರದ ವಿಷಯಕ್ಕೆ ಒಬ್ಬರು, ಬೆಳೆ ಬೆಳೆದು, ಪ್ರಾಣಿ ಸಾಕಿ ಕಲಿಯುವ ಮಕ್ಕಳ 4-ಎಚ್ ಕ್ಲಬ್ಬಿಗೆ ಒಬ್ಬರು ಇರುತ್ತಾರೆ. ಸಣ್ಣ ಕೌಂಟಿಯಾದರೆ ಎರಡು ಕೆಲಸ ಒಬ್ಬರ ತಲೆಗೇ.

ಇವರನ್ನೇ ಕೌಂಟಿ ಏಜೆಂಟರು ಅನ್ನುವುದು. ಇವರು ವಿಶ್ವವಿದ್ಯಾಲಯದ ನೌಕರರು. ಆದರೆ ಆಫೀಸು ನಡೆಯುವ ದುಡ್ಡು ಮೂರು ಕಡೆಯಿಂದ ಬರುತ್ತದೆ. ಕೇಂದ್ರ ಸರ್ಕಾರದ್ದು ಒಂದು ಪಾಲು, ರಾಜ್ಯದ್ದು ಒಂದು, ಕೌಂಟಿಯದ್ದು ಇನ್ನೊಂದು. ಕೌಂಟಿಯ ಪಾಲು ಅಂದರೆ ಊರವರು ಕಟ್ಟುವ ತೆರಿಗೆ. ಪ್ರತಿ ವರ್ಷ ಕೌಂಟಿಯ ಬಜೆಟ್ ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗಬೇಕು. ಆ ಸಭೆಯಲ್ಲಿ ಕೂತಿರುವವರು ಊರವರೇ. ಒಬ್ಬ ಹುಲ್ಲು ಬೆಳೆಯುವವನು, ಒಬ್ಬ ಅಂಗಡಿಯವನು, ಒಬ್ಬಳು ಶಾಲೆ ಬಿಟ್ಟ ಟೀಚರ್. ಈ ವರ್ಷ ಏನು ಮಾಡಿದಿರಿ ಅಂತ ಅವರು ಕೇಳುತ್ತಾರೆ. ಏಜೆಂಟ್ ಉತ್ತರ ಕೊಡಬೇಕು. ನಾನು ಸರ್ವೀಸಿನಲ್ಲಿದ್ದಾಗ ಪ್ರಗತಿ ಪರಿಶೀಲನಾ ಸಭೆಗೆ ಫೈಲು ಹೊತ್ತುಕೊಂಡು ಹೋಗಿ ಮೇಲಿನವರಿಗೆ ಉತ್ತರ ಕೊಟ್ಟಿದ್ದೇನೆ. ರೈತನಿಗೆ ಉತ್ತರ ಕೊಡಬೇಕಾದ ಸಭೆ ನಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲ.

ಇದು ಹೇಗೆ ಹೀಗಾಯಿತು? ಅದಕ್ಕೆ ಒಂದು ಹುಳ ಕಾರಣ.

ಹತ್ತಿ ಕಾಯಿಗೆ ಬೀಳುವ ಬೋಲ್ ವೀವಿಲ್ ಅನ್ನುವ ಮೂತಿಹುಳ 1890ರ ದಶಕದ ಶುರುವಿನಲ್ಲಿ ಮೆಕ್ಸಿಕೋ ಗಡಿ ದಾಟಿ ಟೆಕ್ಸಸ್‌ಗೆ ಬಂತು. ಹತ್ತು ವರ್ಷದಲ್ಲಿ ಹತ್ತಿಯನ್ನೇ ನಂಬಿದ್ದ ಊರುಗಳು ಅಲ್ಲಾಡಿಹೋದವು. ರೈತ ಮುಳುಗಿದರೆ ಅವನಿಗೆ ಸಾಲ ಕೊಟ್ಟ ಅಂಗಡಿಯವನೂ ಮುಳುಗುತ್ತಾನೆ, ಬ್ಯಾಂಕೂ ಮುಳುಗುತ್ತದೆ. ಆಗ ಸೀಮನ್ ನ್ಯಾಪ್ ಅನ್ನುವ ಎಪ್ಪತ್ತರ ಹತ್ತಿರದ ಮುದುಕ ಟೆಕ್ಸಸ್‌ನ ಟೆರೆಲ್ ಎಂಬ ಊರಿಗೆ ಬಂದ. ಸರ್ಕಾರದ ಕೃಷಿ ಇಲಾಖೆ ಕಳಿಸಿದ್ದು. ಮೊದಲು ಅಯೋವಾದ ಕೃಷಿ ಕಾಲೇಜಿನಲ್ಲಿ ಮುಖ್ಯಸ್ಥನಾಗಿದ್ದವನು, ಆಮೇಲೆ ಲೂಸಿಯಾನಾದಲ್ಲಿ ಭತ್ತ ಬೆಳೆಸಿದವನು.

ಸರ್ಕಾರಿ ಮಾದರಿ ತೋಟಗಳಿಂದ ಪ್ರಯೋಜನ ಇಲ್ಲ ಅಂತ ಅವನಿಗೆ ಗೊತ್ತಿತ್ತು. ‘ಸರ್ಕಾರದ ದುಡ್ಡು, ಸರ್ಕಾರದ ಆಳು, ಬೆಳೆಯದೆ ಏನು ಮಾಡುತ್ತೆ’ ಅಂತ ರೈತ ನಕ್ಕು ಹೋಗುತ್ತಾನೆ. ಇದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಹಾಗಾಗಿ ಅವನು ವಾಲ್ಟರ್ ಪೋರ್ಟರ್ ಅನ್ನುವ ಸ್ಥಳೀಯ ರೈತನ ಹೊಲವನ್ನೇ ಆರಿಸಿಕೊಂಡ. 1903ರ ಬೇಸಾಯ. ಉಳುವುದು, ಬಿತ್ತುವುದು, ಕೀಳುವುದು ಎಲ್ಲ ಪೋರ್ಟರನದೇ. ಹೇಳಿದ ಹಾಗೆ ಮಾಡಬೇಕು ಅಷ್ಟೆ. ಬೇಗ ಬರುವ ತಳಿ ಹಾಕು, ಬೇಗ ಬಿತ್ತು, ಸಾಲು ಅಗಲ ಬಿಡು, ಮತ್ತೆ ಮತ್ತೆ ಕುಂಟೆ ಹೊಡಿ, ಕೊಯ್ಲಾದ ಮೇಲೆ ಹತ್ತಿ ಕಡ್ಡಿ ಹೊಲದಲ್ಲಿ ನಿಲ್ಲಿಸಬೇಡ. ಹುಳ ಎದ್ದು ಬರುವ ಹೊತ್ತಿಗೆ ಕಾಯಿ ಬಲಿತಿರಬೇಕು, ಅದು ಲೆಕ್ಕ.

ಮುಖ್ಯವಾದದ್ದು ಇಲ್ಲಿದೆ. ನಷ್ಟವಾದರೆ ತುಂಬಿಕೊಡುತ್ತೇವೆ ಅಂತ ಟೆರೆಲ್‌ನ ವ್ಯಾಪಾರಿಗಳು ಸೇರಿ ಒಂದು ನಿಧಿ ಎತ್ತಿಟ್ಟರು. ಆ ನಿಧಿಯನ್ನು ಮುಟ್ಟುವ ಪ್ರಸಂಗ ಬರಲಿಲ್ಲ. ಹಳೇ ಪದ್ಧತಿಯಲ್ಲಿ ಸಿಗುತ್ತಿದ್ದುದಕ್ಕಿಂತ 700 ಡಾಲರ್ ಜಾಸ್ತಿ ಸಿಕ್ಕಿತು ಅಂತ ಪೋರ್ಟರ್ ಲೆಕ್ಕ ಹೇಳಿದ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಸುದ್ದಿ ಹರಡಲು ಬೇರೆ ಪ್ರಚಾರ ಬೇಕಾಗಲಿಲ್ಲ.

ನ್ಯಾಪ್ ಹೇಳಿದ ಒಂದು ಮಾತು ವಿಸ್ತರಣೆ ಓದುವ ಎಲ್ಲ ಮಕ್ಕಳಿಗೂ ಬಾಯಿಪಾಠ. ಕೇಳಿದ್ದನ್ನು ಮನುಷ್ಯ ಅನುಮಾನಿಸಬಹುದು, ಕಂಡದ್ದನ್ನೂ ಅನುಮಾನಿಸಬಹುದು, ತಾನೇ ಮಾಡಿದ್ದನ್ನು ಅನುಮಾನಿಸಲಾರ. ಪರೀಕ್ಷೆಯಲ್ಲಿ ಇದನ್ನು ಬರೆದರೆ ಮಾರ್ಕ್ಸ್ ಬರುತ್ತದೆ. ಆದರೆ ಪಕ್ಕದಲ್ಲಿದ್ದ ನಷ್ಟಭರ್ತಿ ನಿಧಿಯ ಕಥೆಯನ್ನು ಯಾವ ಮೇಷ್ಟ್ರೂ ನನಗೆ ಹೇಳಲಿಲ್ಲ. ಪೋರ್ಟರ್ ‘ತಾನೇ ಮಾಡಲು’ ಒಪ್ಪಿದ್ದು ಬೆನ್ನಿಗೆ ಊರಿನ ದುಡ್ಡು ನಿಂತಿದ್ದರಿಂದ.

ಮೂರು ವರ್ಷದ ನಂತರ, 1906ರ ನವೆಂಬರ್‌ನಲ್ಲಿ, ಟೆಕ್ಸಸ್‌ನ ಸ್ಮಿತ್ ಕೌಂಟಿಯ ಜನ ನಮ್ಮ ಕೌಂಟಿಗೇ ಅಂತ ಒಬ್ಬ ಆಳು ಬೇಕು ಅಂತ ಹಟ ಹಿಡಿದರು. ಸಂಬಳದಲ್ಲಿ ಒಂದು ಪಾಲು ನಾವೇ ಕೊಡುತ್ತೇವೆ ಅಂದರು. ಹಾಗೆ ಡಬ್ಲ್ಯು. ಸಿ. ಸ್ಟಾಲಿಂಗ್ಸ್ ಒಂದೇ ಕೌಂಟಿಗೆ ಮೀಸಲಾದ ಮೊದಲ ಏಜೆಂಟ್ ಆದ. ಕಾನೂನು ಬಂದದ್ದು ಆಮೇಲೆ. ಸ್ಮಿತ್-ಲೀವರ್ ಕಾಯ್ದೆಗೆ ಅಧ್ಯಕ್ಷ ವುಡ್ರೋ ವಿಲ್ಸನ್ ಸಹಿ ಹಾಕಿದ್ದು 1914ರ ಮೇ 8ರಂದು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 10,000 ಡಾಲರ್ ಖಾಯಂ. ಅದಕ್ಕಿಂತ ಜಾಸ್ತಿ ಬೇಕಾದರೆ ಗ್ರಾಮೀಣ ಜನಸಂಖ್ಯೆಯ ಲೆಕ್ಕದಲ್ಲಿ ಕೊಡುತ್ತೇವೆ, ಆದರೆ ನೀವೂ ಅಷ್ಟೇ ದುಡ್ಡು ಹಾಕಬೇಕು ಅಂತ ಶರತ್ತು. ಸ್ಮಿತ್ ಕೌಂಟಿಯ ಜನ ಮಾಡಿದ್ದನ್ನೇ ಕಾನೂನು ದೊಡ್ಡದಾಗಿ ಮಾಡಿತು.

ಈಗ ಮಕ್ಕಳ ವಿಷಯ. ಅಪ್ಪಂದಿರು ಮಾತು ಕೇಳದಿದ್ದರೆ ಮಕ್ಕಳನ್ನು ಹಿಡಿ ಅನ್ನುವ ಉಪಾಯ ಅಲ್ಲಿ ಕಾಯ್ದೆಗಿಂತ ಮೊದಲೇ ಇತ್ತು. ಓಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ 1902ರ ಜನವರಿಯಲ್ಲಿ ಹುಡುಗ ಹುಡುಗಿಯರ ಒಂದು ಕ್ಲಬ್ ಶುರು ಮಾಡಿದ. ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಸೇರುತ್ತಿದ್ದರು. 4-ಎಚ್ ಹುಟ್ಟಿದ್ದು ಅಲ್ಲಿ ಅಂತ ಹೇಳುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಜೋಳದ ಕ್ಲಬ್ಬುಗಳು ಬಂದವು. ಜೋಳ ಅಂದರೆ ಇಲ್ಲಿ ಮೆಕ್ಕೆಜೋಳ. ಒಬ್ಬ ಹುಡುಗನಿಗೆ ಒಂದು ಎಕರೆ, ಅವನದೇ ಬೇಸಾಯ, ಅವನದೇ ಲೆಕ್ಕ. ಸೌತ್ ಕ್ಯಾರೊಲೈನಾದ ಜೆರಿ ಮೂರ್ ಎಂಬ 15ರ ಹುಡುಗ 1910ರಲ್ಲಿ ಒಂದು ಎಕರೆಯಲ್ಲಿ 228 ಬುಶೆಲ್ ತೆಗೆದ. ನಮ್ಮ ಅಳತೆಯಲ್ಲಿ ಸುಮಾರು 58 ಕ್ವಿಂಟಲ್. ಹೈಬ್ರಿಡ್ ಬೀಜ ಬರುವ ಮೊದಲಿನ ಮಾತು ಇದು. ಸುತ್ತಮುತ್ತಲ ಹೊಲಗಳ ಬೆಳೆಗಿಂತ ಎಷ್ಟೋ ಪಟ್ಟು ಜಾಸ್ತಿ. ಅಪ್ಪಂದಿರ ಮುಖ ಹೇಗಾಗಿರಬೇಡ!

ಹುಡುಗರಿಗೆ ಜೋಳ ಅಂದರೆ ಹುಡುಗಿಯರಿಗೆ? ಅದೇ ರಾಜ್ಯದ ಏಕನ್ ಕೌಂಟಿಯ ಶಾಲಾ ಶಿಕ್ಷಕಿ ಮೇರಿ ಕ್ರೋಮರ್ 1910ರಲ್ಲಿ ಟೊಮೆಟೊ ಕ್ಲಬ್ ಶುರು ಮಾಡಿದಳು. ಒಬ್ಬ ಹುಡುಗಿಗೆ ಎಕರೆಯ ಹತ್ತನೇ ಒಂದು ಭಾಗ, ಅಂದರೆ ನಾಲ್ಕು ಗುಂಟೆ. ಟೊಮೆಟೊ ಬೆಳೆಯಬೇಕು, ಡಬ್ಬಿಗೆ ತುಂಬಬೇಕು, ಮಾರಬೇಕು. ಬಂದ ದುಡ್ಡು ಅವಳದೇ. ಆ ಕಾಲದ ಹಳ್ಳಿಯ ಹುಡುಗಿಯ ಕೈಯಲ್ಲಿ ಅವಳದೇ ದುಡ್ಡು. ಮನೆಯ ವಿಭಾಗದ ಏಜೆಂಟರ ಪರಂಪರೆ ಬೆಳೆದದ್ದು ಇಂಥ ಹೆಂಗಸರಿಂದ.

ಆ ಟೊಮೆಟೊ ಡಬ್ಬಿಯ ಮುಂದುವರಿಕೆಯನ್ನು ನಾನೇ ಕಣ್ಣಾರೆ ನೋಡಿದೆ. ಬೇಸಿಗೆಯಲ್ಲಿ ಒಂದು ದಿನ ಆಫೀಸಿಗೆ ಹೋದರೆ ಮೇಜಿನ ಮೇಲೆ ಕುಕ್ಕರ್ ಮುಚ್ಚಳಗಳ ಸಾಲು. ನಮ್ಮ ಕುಕ್ಕರಿನ ಎರಡರಷ್ಟು ಅಗಲ, ಮೇಲೆ ಗಡಿಯಾರದಂಥ ಮೀಟರು. ಅವರು ಮನೆಯಲ್ಲೇ ಬೀನ್ಸ್, ಜೋಳ, ಮಾಂಸ ಎಲ್ಲವನ್ನೂ ಗಾಜಿನ ಜಾಡಿಗೆ ತುಂಬಿ ವರ್ಷಗಟ್ಟಲೆ ಇಡುತ್ತಾರೆ. ನಮ್ಮ ಉಪ್ಪಿನಕಾಯಿಗೆ ಹುಳಿ, ಉಪ್ಪು, ಎಣ್ಣೆಯ ಕಾವಲಿದೆ. ಬೀನ್ಸ್‌ಗೆ ಹುಳಿ ಇಲ್ಲ. ಗಾಳಿಯಾಡದ ಜಾಡಿಯೊಳಗೆ ಬೊಟುಲಿಸಂ ಬ್ಯಾಕ್ಟೀರಿಯಾ ಬೆಳೆದರೆ ವಾಸನೆಯೂ ಬಾರದೆ ವಿಷವಾಗಬಹುದು, ತಿಂದವರು ಸಾಯಬಹುದು. ಕುದಿಯುವ ನೀರಿಗೆ ಅದರ ಬೀಜಕಣ ಸಾಯುವುದಿಲ್ಲ. 116 ಡಿಗ್ರಿ ಬೇಕು, ಅದಕ್ಕೆ ಒತ್ತಡ ಬೇಕು. ಎತ್ತರವಿಲ್ಲದ ಊರಲ್ಲಿ ಆ ಮೀಟರು 11 ಪೌಂಡ್ ಒತ್ತಡ ತೋರಿಸಬೇಕು, ಅರ್ಧ ಲೀಟರಿನಷ್ಟು ಹಿಡಿಯುವ ಬೀನ್ಸ್ ಜಾಡಿಗೆ 20 ನಿಮಿಷ. ಮೀಟರು ಸುಳ್ಳು ಹೇಳಿದರೆ?

ಅದಕ್ಕೇ ವರ್ಷಕ್ಕೊಮ್ಮೆ ಮುಚ್ಚಳ ತಂದು ತೋರಿಸುವುದು. ಏಜೆಂಟ್ ಆ ಮುಚ್ಚಳವನ್ನು ಒಂದು ಸಣ್ಣ ಯಂತ್ರಕ್ಕೆ ಸಿಕ್ಕಿಸಿ ಗಾಳಿ ತುಂಬಿ, ಸರಿಯಾದ ಮೀಟರಿನ ಪಕ್ಕದಲ್ಲಿ ಇಟ್ಟು 5, 10, 15 ಪೌಂಡಿನಲ್ಲಿ ಹೋಲಿಸುತ್ತಾಳೆ. ಎರಡು ಪೌಂಡಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬದಲಾಯಿಸಿ ಅಂತ ಚೀಟಿ ಅಂಟಿಸುತ್ತಾಳೆ. ಅಂದು ಒಬ್ಬ ಅಜ್ಜಿಯ ಮುಚ್ಚಳ ಫೇಲಾಯಿತು. ಅಜ್ಜಿ ಒಪ್ಪಲಿಲ್ಲ. ‘ನಲವತ್ತು ವರ್ಷದಿಂದ ಇದರಲ್ಲೇ ಮಾಡ್ತಿದೀನಿ, ಯಾರೂ ಸತ್ತಿಲ್ಲ’ ಅಂದಳು. ಏಜೆಂಟ್ ವಾದ ಮಾಡಲಿಲ್ಲ. ಮುಚ್ಚಳ ಮತ್ತೆ ಸಿಕ್ಕಿಸಿ, ಗಾಳಿಯ ಗುಂಡಿಯನ್ನು ಅಜ್ಜಿಯ ಕೈಗೇ ಕೊಟ್ಟು, ‘ನೀವೇ ಒತ್ತಿ, ಎರಡೂ ಮುಳ್ಳು ನೋಡಿ’ ಅಂದಳು. ಅಜ್ಜಿ ಒತ್ತಿದಳು, ನೋಡಿದಳು, ಹೊಸ ಮೀಟರು ಎಲ್ಲಿ ಸಿಗುತ್ತೆ ಅಂತ ಕೇಳಿದಳು. ನ್ಯಾಪ್ ಮುದುಕನ ಮಾತು ಇಲ್ಲಿ ಕೆಲಸ ಮಾಡುತ್ತಿತ್ತು. ಈ ಏಜೆಂಟ್ ಅದೇ ಕೌಂಟಿಯಲ್ಲಿ ಹುಟ್ಟಿದವಳಂತೆ. ಅಜ್ಜಿಯ ಮೊಮ್ಮಕ್ಕಳ ಹೆಸರು ಅವಳಿಗೆ ಗೊತ್ತು.

ಇನ್ನು ಕೌಂಟಿ ಜಾತ್ರೆ. ಅವರು ‘ಫೇರ್’ ಅನ್ನುತ್ತಾರೆ. 4-ಎಚ್ ಮಕ್ಕಳು ಸಾಕಿದ ಕರು, ಹಂದಿ, ಕುರಿ, ಕೋಳಿ ಎಲ್ಲ ಅಲ್ಲಿಗೆ ಬರುತ್ತವೆ. ಟೆನೆಸಿಯಲ್ಲಿ ನಾಲ್ಕನೇ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳು ಈ ಕ್ಲಬ್ಬಿಗೆ ಸೇರಬಹುದು. ಕರು ಕೊಂಡ ದಿನದಿಂದ ಮಗು ಒಂದು ಲೆಕ್ಕದ ಪುಸ್ತಕ ಇಡಬೇಕು. ಕರುವಿನ ಬೆಲೆ, ಮೇವಿಗೆ ಎಷ್ಟು, ಡಾಕ್ಟರಿಗೆ ಎಷ್ಟು, ತೂಕ ಎಷ್ಟೆಷ್ಟು ಏರಿತು. ನಾನು ನೋಡಿದ ಒಂದು ಪುಸ್ತಕದಲ್ಲಿ, ಉರುಟು ಅಕ್ಷರದಲ್ಲಿ, ಹಗ್ಗಕ್ಕೆ ಕೊಟ್ಟ ದುಡ್ಡೂ ಇತ್ತು. ಕೊನೆ ಸಾಲಿನಲ್ಲಿ ಲಾಭವಲ್ಲ, ನಷ್ಟ. ಅದನ್ನೂ ಮುಚ್ಚಿಡದೆ ಬರೆದಿದ್ದ.

ಸ್ಪರ್ಧೆಯಲ್ಲಿ ಎರಡು ಬಗೆ. ಒಂದರಲ್ಲಿ ಪ್ರಾಣಿಗೆ ಬಹುಮಾನ. ಇನ್ನೊಂದರಲ್ಲಿ ಪ್ರಾಣಿಯನ್ನು ಹಿಡಿದು ನಡೆಸುವ ಮಗುವಿಗೆ ಬಹುಮಾನ, ಕರು ಹೇಗೇ ಇರಲಿ. ಬಡವರ ಮನೆಯ ಸಾಧಾರಣ ಕರುವಿಗೂ ಅಲ್ಲಿ ಜಾಗ ಉಂಟು. ನನಗೆ ಬಹಳ ಹಿಡಿಸಿದ್ದು ಜಡ್ಜಿಂಗ್ ಸ್ಪರ್ಧೆ. ನಾಲ್ಕು ಪ್ರಾಣಿಗಳನ್ನು ನಿಲ್ಲಿಸುತ್ತಾರೆ. ಮಗು ನೋಡಿ ಒಂದರಿಂದ ನಾಲ್ಕು ಅಂತ ಕ್ರಮ ಹಾಕಬೇಕು. ಆಮೇಲೆ ಎರಡು ನಿಮಿಷ ಎದ್ದು ನಿಂತು ಯಾಕೆ ಅಂತ ಹೇಳಬೇಕು. ಹದಿಮೂರರ ಹುಡುಗಿ ಕಾಗದ ನೋಡದೆ, ಈ ಹಸುವಿನ ಕಾಲು ನೇರ, ಆದರೆ ಬೆನ್ನು ಅದಕ್ಕಿಂತ ಇದರದು ವಾಸಿ ಅಂತ ಹೇಳುತ್ತಾ ಹೋದಳು. ವಕೀಲರಾಗಲಿ, ಎಮ್ಮೆಲ್ಲೆ ಆಗಲಿ, ಇಂಥ ಅಭ್ಯಾಸ ಮೊದಲೇ ಇದ್ದರೆ ಎಷ್ಟು ಚೆನ್ನ.

ಜಾತ್ರೆ ಮುಗಿಯುವಾಗ ಮಾಂಸದ ಪ್ರಾಣಿಗಳ ಹರಾಜು. ಊರಿನ ಅಂಗಡಿಯವರು, ಬ್ಯಾಂಕಿನವರು ಮಾರುಕಟ್ಟೆಗಿಂತ ಜಾಸ್ತಿ ಬೆಲೆ ಕೂಗಿ ಕೊಳ್ಳುತ್ತಾರೆ. ಆ ಪ್ರಾಣಿ ಕಸಾಯಿಖಾನೆಗೆ ಹೋಗುತ್ತದೆ. ಮಕ್ಕಳು ಅಳುತ್ತಾರೆ. ನೋಡಿ ನನ್ನ ಹೆಂಡತಿ ಎದ್ದು ಹೊರಗೆ ಹೋದಳು. ಅಲ್ಲಿನ ರೈತರು ಇದನ್ನೂ ಪಾಠದ ಭಾಗ ಅನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ಇಷ್ಟು ಕೇಳಿದರೆ ಎಲ್ಲ ಚೆನ್ನ ಅನಿಸುತ್ತದೆ. ಊರವರೇ ದುಡ್ಡು ಕೊಡುತ್ತಾರೆ, ಊರವರಿಗೇ ಉತ್ತರ ಕೊಡುತ್ತಾರೆ. ಆದರೆ ಊರವರು ಅಂದರೆ ಯಾರು? ನಮ್ಮ ಹಳ್ಳಿಯಲ್ಲೂ ಈ ಪ್ರಶ್ನೆ ಕೇಳಬೇಕು, ಅಲ್ಲೂ ಕೇಳಬೇಕು.

ದಕ್ಷಿಣದ ಕೌಂಟಿಗಳಲ್ಲಿ ಸಭೆಯಲ್ಲಿ ಕೂತವರು ಬಿಳಿಯರು. ಹೊಲದಲ್ಲಿ ದುಡಿಯುವವರಲ್ಲಿ ಲಕ್ಷಾಂತರ ಜನ ಕಪ್ಪು ಜನ, ಬಹುಪಾಲು ಗೇಣಿದಾರರು. ಅವರಿಗೆ ಪಾಠ ಹೇಳುವ ಕೆಲಸವನ್ನು ಅವರದೇ ಕಾಲೇಜು ಶುರು ಮಾಡಿತ್ತು. ಅಲಬಾಮಾದ ಟಸ್ಕೀಗಿಯಲ್ಲಿ ಆ ಕಾಲೇಜಿನ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ಮತ್ತು ಕೃಷಿ ಮೇಷ್ಟ್ರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಸೇರಿ 1906ರಲ್ಲಿ ಒಂದು ಗಾಡಿ ಹೊರಡಿಸಿದರು. ದಾನ ಕೊಟ್ಟ ಜೆಸಪ್ ಎಂಬ ಸಾಹುಕಾರನ ಹೆಸರಿನಲ್ಲಿ ಜೆಸಪ್ ವ್ಯಾಗನ್. ಅದರಲ್ಲಿ ನೇಗಿಲು, ಬೀಜ, ಬೆಣ್ಣೆ ಕಡೆಯುವ ಸಾಧನ. ಹಳ್ಳಿ ಹಳ್ಳಿಗೆ ಹೋಗಿ ಮಾಡಿ ತೋರಿಸುವುದು. ಅದನ್ನು ನಡೆಸಲು ಥಾಮಸ್ ಕ್ಯಾಂಪ್‌ಬೆಲ್‌ನನ್ನು ನೇಮಿಸಿದ್ದೂ 1906ರ ನವೆಂಬರ್‌ನಲ್ಲೇ. ಸ್ಟಾಲಿಂಗ್ಸ್ ಹೆಸರಿನ ಜೊತೆಗೆ ಕ್ಯಾಂಪ್‌ಬೆಲ್ ಹೆಸರನ್ನೂ ನೆನಪಿಡಿ. 1923ರಲ್ಲಿ ಒಂದು ದೊಡ್ಡ ಟ್ರಕ್ ಬಂತು, ಒಳಗೆ ನರ್ಸ್ ಕೂಡ ಇದ್ದಳು. ಅದಕ್ಕೆ ಕಪ್ಪು ರೈತರೇ ಚಂದಾ ಎತ್ತಿದ್ದರು.

1914ರ ಕಾಯ್ದೆ ಚರ್ಚೆಗೆ ಬಂದಾಗ ಕಪ್ಪು ಜನರ ಕಾಲೇಜುಗಳಿಗೂ ನ್ಯಾಯವಾದ ಪಾಲು ಕೊಡಿ ಅಂತ ಸೆನೆಟ್‌ನಲ್ಲಿ ತಿದ್ದುಪಡಿ ಬಂತು. ಸೋತಿತು. ಯಾವ ಕಾಲೇಜಿಗೆ ದುಡ್ಡು ಅನ್ನುವುದನ್ನು ಆಯಾ ರಾಜ್ಯದ ಶಾಸನಸಭೆ ತೀರ್ಮಾನಿಸಲಿ ಅಂತಾಯಿತು. ಶಾಸನಸಭೆ ಏನು ತೀರ್ಮಾನಿಸಿತು ಅಂತ ಬಿಡಿಸಿ ಹೇಳಬೇಕಾ? ಕಪ್ಪು ಏಜೆಂಟರು ಇದ್ದರು, ಆದರೆ ಬಿಳಿಯರ ಕೈಕೆಳಗೆ, ಕಡಿಮೆ ಸಂಬಳಕ್ಕೆ, ಹರಕಲು ಆಫೀಸುಗಳಲ್ಲಿ. ಅಲಬಾಮಾದ ವಿಸ್ತರಣಾ ಸೇವೆಯಲ್ಲಿ ತಾರತಮ್ಯ ನಡೆಯುತ್ತಿದೆ ಅಂತ ಫೆಡರಲ್ ಕೋರ್ಟ್ ತೀರ್ಪು ಕೊಟ್ಟದ್ದು 1971ರಲ್ಲಿ. ಕಪ್ಪು ಜನರ ಕಾಲೇಜುಗಳ ವಿಸ್ತರಣಾ ಕೆಲಸಕ್ಕೆ ಕಾನೂನಿನಲ್ಲೇ ಪ್ರತ್ಯೇಕ ಹಣ ಬಂದದ್ದು 1977ರ ಕಾಯ್ದೆಯಲ್ಲಿ. ಅಷ್ಟು ಹೊತ್ತಿಗೆ ಕಪ್ಪು ರೈತರಲ್ಲಿ ಬಹುಪಾಲು ಜನ ಜಮೀನು ಬಿಟ್ಟು ನಗರ ಸೇರಿದ್ದರು.

ನೋಡಿ, ಏಜೆಂಟನನ್ನು ಊರಿಗೆ ಕಟ್ಟಿಹಾಕಿದ ಹಗ್ಗವೇ ಅವನನ್ನು ಊರ ಗೌಡರ ಜಗಲಿಗೂ ಕಟ್ಟಿಹಾಕಿತು. ಇದು ಬಣ್ಣದ ವಿಷಯದಲ್ಲಿ ಮಾತ್ರ ಆದದ್ದಲ್ಲ. ನ್ಯೂಯಾರ್ಕ್‌ನ ಬ್ರೂಮ್ ಕೌಂಟಿಯಲ್ಲಿ 1911ರಲ್ಲಿ ವ್ಯಾಪಾರಿಗಳ ಸಂಘ ಮತ್ತು ರೈಲ್ವೆ ಕಂಪನಿ ದುಡ್ಡು ಹಾಕಿ ಒಬ್ಬ ಏಜೆಂಟನನ್ನು ತಂದವು. ಅದಕ್ಕೆ ಫಾರ್ಮ್ ಬ್ಯೂರೋ ಅಂತ ಹೆಸರು. ಅದೇ ಹೆಸರು ಬೆಳೆದು ದೇಶದ ದೊಡ್ಡ ರೈತರ ಲಾಬಿ ಆಯಿತು. ಬಹಳ ರಾಜ್ಯಗಳಲ್ಲಿ ದಶಕಗಟ್ಟಲೆ ಏಜೆಂಟರ ಸಂಬಳಕ್ಕೂ ಅದರ ಚಂದಾಕ್ಕೂ ನಂಟು ಇತ್ತು. ದೊಡ್ಡ ಹಿಡುವಳಿದಾರನ ಬಾಗಿಲಿಗೆ ಏಜೆಂಟ್ ಮೊದಲು ಹೋದ ಅಂದರೆ ಆಶ್ಚರ್ಯ ಏನಿದೆ?

ಇದನ್ನು ಸರಿಮಾಡಲು ನಡೆದ ಒಂದು ಪ್ರಯತ್ನ ಇಲ್ಲಿರುವ ಸಂಘದ ಅಕ್ಕಂದಿರಿಗೆ ಹಿಡಿಸಬಹುದು. ಬಡ ಮನೆಗಳ ಊಟ, ಪೌಷ್ಟಿಕತೆಗಾಗಿ 1969ರಲ್ಲಿ ದೇಶಾದ್ಯಂತ ಒಂದು ಕಾರ್ಯಕ್ರಮ ಬಂತು. ಅದಕ್ಕೆ ಡಿಗ್ರಿ ಇರುವವರನ್ನು ಹುಡುಕಲಿಲ್ಲ. ಅದೇ ಕೇರಿಯ, ಅದೇ ಕಷ್ಟ ಕಂಡ ಹೆಂಗಸರನ್ನು ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಂಡರು. ಕೈಯಲ್ಲಿ ಇರುವ ದುಡ್ಡಿನಲ್ಲಿ ತಿಂಗಳ ಕೊನೆಯವರೆಗೂ ಮಕ್ಕಳಿಗೆ ಊಟ ಹಾಕುವುದು ಹೇಗೆ ಅನ್ನುವುದನ್ನು ಹಾಗೆ ಬದುಕಿದವರೇ ಹೇಳಿಕೊಡುತ್ತಾರೆ. ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ಈಚೆಗೆ ಬಂದ ಕೃಷಿ ಸಖಿ ಯೋಜನೆಯ ಹಿಂದೆಯೂ ಇಂಥದೇ ಯೋಚನೆ ಇದೆ.

ಈಗ ನಮ್ಮ ಕಡೆ ಬರೋಣ. ನಂಟು ಸುಮ್ನೆ ಹುಡುಕಿ ಹೇಳುತ್ತಿಲ್ಲ, ನಿಜವಾದ ನಂಟೇ ಇದೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಜೊತೆಯಾಗಿ ನಿಂತದ್ದು ಟೆನೆಸಿ ವಿಶ್ವವಿದ್ಯಾಲಯ. ಅಮೆರಿಕ ಸರ್ಕಾರದ ನೆರವಿನಲ್ಲಿ ಅಲ್ಲಿನ ಪ್ರೊಫೆಸರುಗಳು ಹೆಬ್ಬಾಳಕ್ಕೆ ಬಂದರು, ನಮ್ಮ ಮೇಷ್ಟ್ರುಗಳು ಅಲ್ಲಿಗೆ ಹೋಗಿ ಓದಿದರು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಮನೆಯಲ್ಲಿ ಇರಬೇಕು ಅನ್ನುವುದು 1862ರಲ್ಲಿ ಲಿಂಕನ್ ಸಹಿ ಹಾಕಿದ, ಕೃಷಿ ಕಾಲೇಜುಗಳಿಗೆ ದಾರಿ ಮಾಡಿದ ಮೊರಿಲ್ ಕಾಯ್ದೆಯಿಂದ ಶುರುವಾಗಿ ಹಂತ ಹಂತವಾಗಿ ಬೆಳೆದ ಮಾದರಿ. ಅದನ್ನೇ ತಂದೆವು.

ಆದರೆ ಅರ್ಧ ತಂದೆವು. ವಿಶ್ವವಿದ್ಯಾಲಯ ಬಂತು, ಕೌಂಟಿ ಬರಲಿಲ್ಲ. ಹಳ್ಳಿಗೆ ಹೋಗುವ ಕೆಲಸ ಮೊದಲೇ ಇಲಾಖೆಯ ಕೈಯಲ್ಲಿತ್ತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾದಾಗ ಗ್ರಾಮಸೇವಕರು ಬಂದರಲ್ಲ, ಹಿರಿಯರಿಗೆ ನೆನಪಿರಬಹುದು. ಸೈಕಲ್ ಮೇಲೆ ಬರುತ್ತಿದ್ದರು. ಬೀಜ, ಗೊಬ್ಬರ, ಶೌಚಾಲಯ, ಸಮೀಕ್ಷೆ ಎಲ್ಲ ಅವರದೇ ಕೆಲಸ. ಈಗ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಅಲ್ಲಿಗೆ ನಾವು ಯಾಕೆ ಹೋಗುತ್ತೇವೆ ಹೇಳಿ? ಸಬ್ಸಿಡಿ ಬೀಜಕ್ಕೆ, ಟಾರ್ಪಾಲಿಗೆ, ಸ್ಪ್ರಿಂಕ್ಲರ್ ಅರ್ಜಿಗೆ. ಅಲ್ಲಿನ ಅಧಿಕಾರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ನಾನೂ ಆ ಕುರ್ಚಿಯಲ್ಲಿ ಕೂತವನೇ. ಪಟ್ಟಿ ಮಾಡುವುದು, ಹಂಚುವುದು, ಆನ್‌ಲೈನ್ ಎಂಟ್ರಿ ಇಷ್ಟರಲ್ಲೇ ಮುಂಗಾರು ಮುಗಿಯುತ್ತದೆ. ಹೊಲಕ್ಕೆ ಹೋಗಿ ಎಲೆ ಮಗುಚಿ ನೋಡಲು ಪುರಸೊತ್ತು ಎಲ್ಲಿ? ಅಮೆರಿಕದಲ್ಲಿ ಸಬ್ಸಿಡಿ ಹಂಚುವ ಆಫೀಸೇ ಬೇರೆ, ಪಾಠ ಹೇಳುವ ಆಫೀಸೇ ಬೇರೆ. ಇದು ಸಣ್ಣ ವಿಷಯ ಅನಿಸಬಹುದು. ಸಣ್ಣದಲ್ಲ. ಕೊಡುವವನ ಮುಂದೆ ರೈತ ಕೈಕಟ್ಟಿ ನಿಲ್ಲುತ್ತಾನೆ, ಪ್ರಶ್ನೆ ಕೇಳುವುದಿಲ್ಲ.

ಕೃಷಿ ವಿಜ್ಞಾನ ಕೇಂದ್ರಗಳು ಕೌಂಟಿ ಆಫೀಸಿಗೆ ಹತ್ತಿರದ ರೂಪ. ದೇಶದ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಜಿಲ್ಲೆಗೆ ಒಂದು, ಹೆಚ್ಚೆಂದರೆ ಎರಡು. ಜಿಲ್ಲೆಯ ಇನ್ನೊಂದು ಮೂಲೆಯವನಿಗೆ ಅದು ಕೃಷಿ ಮೇಳದಷ್ಟೇ ದೂರ.

ಅಲ್ಲೂ ಈಗ ಕಾಲ ಬದಲಾಗಿದೆ. ರೈತರ ಸಂಖ್ಯೆ ಇಳಿದಿದೆ, ಬಜೆಟ್ ಸಭೆಯಲ್ಲಿ ‘ಇನ್ನೂ ಈ ಆಫೀಸು ಬೇಕಾ’ ಅನ್ನುವ ಪ್ರಶ್ನೆ ಬರುತ್ತದೆ. ಮಿನೆಸೋಟ 2004ರಲ್ಲಿ, ಅಯೋವಾ 2009ರಲ್ಲಿ ತಜ್ಞರನ್ನು ಕೌಂಟಿಗಳಿಂದ ಎತ್ತಿ ಪ್ರಾದೇಶಿಕ ಮಟ್ಟಕ್ಕೆ ಸೇರಿಸಿದವು. ಖರ್ಚು ಉಳಿಯಿತು. ಮುಚ್ಚಳ ಹಿಡಿದು ಬರುವ ಅಜ್ಜಿಗೆ ದಾರಿ ಉದ್ದವಾಯಿತು.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ: ಸಾರ್, ಈಗ ಯೂಟ್ಯೂಬ್ ಇದೆ. ಏಜೆಂಟ್ ಯಾಕೆ ಬೇಕು?

ಅಯೋವಾದಲ್ಲಿ ಹೈಬ್ರಿಡ್ ಜೋಳ ಹರಡಿದ ಬಗೆಯನ್ನು ಇಬ್ಬರು ಸಮಾಜವಿಜ್ಞಾನಿಗಳು, ರಯಾನ್ ಮತ್ತು ಗ್ರಾಸ್, ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ನೀವು ಓದಿರುತ್ತೀರಿ. ಹೊಸ ಬೀಜದ ಸುದ್ದಿ ಹೆಚ್ಚಿನ ರೈತರಿಗೆ ಮೊದಲು ಬಂದದ್ದು ಬೀಜ ಮಾರುವವನಿಂದ. ಆದರೆ ಹಾಕೋಣ ಅಂತ ಮನಸ್ಸು ಮಾಡಿಸಿದ್ದು ಪಕ್ಕದ ಹೊಲದವನು. ಯೂಟ್ಯೂಬ್ ಸುದ್ದಿ ಕೊಡುತ್ತದೆ. ನಿನ್ನ ಹೊಲದ ಮಣ್ಣು ಅದಕ್ಕೆ ಗೊತ್ತಿಲ್ಲ. ಅಲ್ಲಿ ಏಜೆಂಟನಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, ‘ಮಣ್ಣು ಪರೀಕ್ಷೆ ಯಾವಾಗ ಮಾಡಿಸಿದ್ದಿ?’ ಇನ್ನೊಂದು ವಿಷಯ. ಏಜೆಂಟ್ ಏನನ್ನೂ ಮಾರುವುದಿಲ್ಲ. ನಮ್ಮಲ್ಲಿ ಎಲೆ ಹಳದಿಯಾದರೆ ಎಲೆ ಕಿತ್ತುಕೊಂಡು ಗೊಬ್ಬರದ ಅಂಗಡಿಗೆ ಹೋಗುತ್ತೇವೆ. ಔಷಧಿ ಹೇಳುವವನೂ ಅವನೇ, ಮಾರುವವನೂ ಅವನೇ. ಸರ್ಕಾರಕ್ಕೂ ಇದು ಗೊತ್ತು, ಅದಕ್ಕೇ ಅಂಗಡಿಯವರಿಗೆ ಒಂದು ವರ್ಷದ ಡಿಪ್ಲೊಮಾ ಮಾಡಿಸುತ್ತಿದೆ. ಕಲಿತ ಅಂಗಡಿಯವನು ಕಲಿಯದವನಿಗಿಂತ ವಾಸಿ. ಆದರೂ ಗಲ್ಲಾಪೆಟ್ಟಿಗೆ ಗಲ್ಲಾಪೆಟ್ಟಿಗೆಯೇ.

ಸಂಘದ ಒಬ್ಬ ಅಕ್ಕ: ಹೆಂಗಸರಿಗೆ ಅಡುಗೆ ಬಿಟ್ಟು ಬೇರೆ ಏನೂ ಕಲಿಸಲಿಲ್ವಾ?

ಕಲಿಸಿದರು, ಅಕ್ಕ. 1940ರ ಹೊತ್ತಿಗೆ ಹತ್ತಿ ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಅದೇ ಹತ್ತಿ ಬೆಳೆಯುವವರ ಮನೆಯಲ್ಲಿ ಮಲಗಲು ಹಾಸಿಗೆ ಇರಲಿಲ್ಲ. ಸರ್ಕಾರ ಹತ್ತಿ, ಬಟ್ಟೆ ಕೊಟ್ಟಿತು. ಏಜೆಂಟರು ಹೇಳಿಕೊಟ್ಟರು. ಹೆಂಗಸರು ಗಂಡಸರು ಸೇರಿ ಊರ ಮಧ್ಯೆ ಕೂತು ತಮ್ಮ ಹಾಸಿಗೆ ತಾವೇ ಹೊಲಿದುಕೊಂಡರು. ಈಗಂತೂ ಗಂಡ ಹೋದ ಮೇಲೆ ಜಮೀನು ನೋಡಿಕೊಳ್ಳುವ ಹೆಂಗಸರಿಗೆ ಸಾಲ, ವಿಮೆ, ಪಾಲುಪಟ್ಟಿಯ ಪಾಠಗಳಿವೆ. ಆದರೆ ನಿಮ್ಮ ಅನುಮಾನ ಸರಿ. ಬಹಳ ಕಾಲ ಹೊಲದ ಪಾಠ ಗಂಡಸಿಗೆ, ಒಲೆಯ ಪಾಠ ಹೆಂಗಸಿಗೆ ಅಂತಲೇ ನಡೆಯಿತು.

ಹಿಂದಿನ ಸಾಲಿನಿಂದ ಒಬ್ಬ ರೈತರು: ನೀವು ಹೇಳಿದ್ದು ಮಾಡಿ ನಷ್ಟ ಆದ್ರೆ ಯಾರು ಕೊಡ್ತಾರೆ?

ಈಗ ಅಲ್ಲೂ ಯಾರೂ ಕೊಡುವುದಿಲ್ಲ, ಯಜಮಾನರೇ. ಇಲ್ಲಿ ವಿಜ್ಞಾನ ಕೇಂದ್ರದವರು ಪ್ರಾತ್ಯಕ್ಷಿಕೆ ಹಾಕಿದರೆ ಬೀಜ, ಔಷಧಿ ಕೊಡುತ್ತಾರೆ, ಬೆಳೆ ಕೈಕೊಟ್ಟರೆ ಅದು ನಿಮ್ಮದೇ. ಆದರೆ ಟೆರೆಲ್‌ನಲ್ಲಿ ಕೊಡುತ್ತೇವೆ ಅಂತ ನಿಂತದ್ದು ಸರ್ಕಾರವಲ್ಲ, ಊರಿನ ವ್ಯಾಪಾರಿಗಳು. ನಿಮ್ಮ ಊರಿನ ಸೊಸೈಟಿಗೆ ಲಾಭ ಇದೆಯಾ? ಇದೆ ಅಂತೀರಿ. ಹಾಲಿನ ಡೇರಿಗೂ ಇದೆ. ಒಂದು ಎಕರೆ ಪ್ರಾತ್ಯಕ್ಷಿಕೆಯ ನಷ್ಟ ತುಂಬಿಕೊಡಲು ಎಷ್ಟು ದುಡ್ಡು ಬೇಕು ಅಂತ ಒಂದು ಲೆಕ್ಕ ಹಾಕಿ, ಮುಂದಿನ ಮಹಾಸಭೆಯ ಅಜೆಂಡಾದಲ್ಲಿ ಹಾಕಿಸಿ. ಇಲ್ಲಿರುವ ಹುಡುಗರು ಕೊನೆಯ ವರ್ಷ ಗ್ರಾಮವಾಸಕ್ಕೆ ಅಂತ ಹಳ್ಳಿಗೆ ಬರಲೇಬೇಕು. ಅವರನ್ನು ಬರೀ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಬಿಡಬೇಡಿ. ಆ ಎಕರೆಯ ಲೆಕ್ಕದ ಪುಸ್ತಕ ಬರೆಯುವ ಕೆಲಸ ಕೊಡಿ. ಮತ್ತೆ ಆ ಎಕರೆ ಯಾರದ್ದು ಅಂತ ಆರಿಸುವಾಗ ಸೊಸೈಟಿ ಅಧ್ಯಕ್ಷರ ಹೊಲಕ್ಕೇ ಹೋಗಬೇಡಿ. ಕೆರೆ ಕೆಳಗೆ ಅರ್ಧ ಎಕರೆ ಗೇಣಿ ಮಾಡುವವರು ಯಾರಾದರೂ ಇದ್ದಾರಾ, ಅವರನ್ನು ಮೊದಲು ಕೇಳಿ.